ಒಂದೂವರೆ ಮನೆ ಶ್ರುತಿಯಲ್ಲಿ ಮೂರು ನಿಮಿಷ: ಕೋಲ್ಮನ್ ಹಾಕಿನ್ಸ್‌ನ ‘ಬಾಡಿ ಆ್ಯಂಡ್ ಸೋಲ್’

ಜಾಝ್ ಬ್ಯಾಲಡ್‌ಗಳಲ್ಲಿ ಒಂದನ್ನು ಮಾತ್ರ ಮನೆಗೆ ತಂದಿಟ್ಟುಕೊಳ್ಳುವುದಾದರೆ ಅದು ಕೋಲ್ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದ ‘ಬಾಡಿ ಆ್ಯಂಡ್ ಸೋಲ್’ ಆಗಿರಲಿ. ನ್ಯೂಯಾರ್ಕಿನಲ್ಲಿ 1939ರ ಅಕ್ಟೋಬರ್ 11ರಂದು ಬ್ಲೂಬರ್ಡ್ ಲೇಬಲ್‌ಗಾಗಿ ಮುದ್ರಿಸಿದ್ದು ಇದು. 10 ಇಂಚಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿ, ಸುಮಾರು 3 ನಿಮಿಷ, ಅಷ್ಟೇ. ಮೈಸೂರಿನ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣಪತಿ ಮುಂದೆ ಕೂತು ಕಛೇರಿ ಕೇಳಿದ ಕಿವಿಗೆ ಜಾಝ್ ಹತ್ತುವುದು ಕಷ್ಟ ಅನ್ನುವವರು ಇದರಿಂದ ಶುರುಮಾಡಬೇಕು. ಇದರಲ್ಲಿ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಮನೋಧರ್ಮ ಇದೆ, ತಾಳದ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಅಲುಗಲೇಬಾರದು ಅಂತ ನಾವು ಅಂದುಕೊಂಡಿರುವ ಷಡ್ಜವೇ ನಡುವೆ ಜಾಗ ಬದಲಿಸಿ ಮತ್ತೆ ಬಂದು ಕೂರುತ್ತದೆ. ಅದು ಕಿವಿಗೆ ಸಿಕ್ಕ ದಿನ ಹಾಡು ಪೂರ್ತಿ ನಿಮ್ಮದು.

ಬ್ಯಾಲಡ್ ಅಂದರೆ ಇಲ್ಲಿ ಲಾವಣಿ ಅಂತ ತಿಳಿಯಬಾರದು. ಜಾಝ್‌ನವರು ನಿಧಾನ ಕಾಲದಲ್ಲಿ ನುಡಿಸುವ ಭಾವಗೀತೆಯಂಥ ಹಾಡಿಗೆಲ್ಲ ಆ ಹೆಸರು.

ಮೊದಲು ಕೊಳ್ಳುವ ವಿಷಯ. ಹಾಕಿನ್ಸ್ ಇದೇ ಹಾಡನ್ನು ಮುಂದೆ ಜೀವಮಾನವಿಡೀ ಬೇರೆ ಬೇರೆ ತಂಡಗಳ ಜೊತೆ ನುಡಿಸಿದ. ಆ್ಯಪ್‌ಗಳಲ್ಲಿ ಹುಡುಕಿದರೆ ಹತ್ತಾರು ಬರುತ್ತವೆ, ಅದರಲ್ಲಿ ಸಭೆಯಲ್ಲಿ ಮುದ್ರಿಸಿದ ಐದಾರು ನಿಮಿಷದವೂ ಇರುತ್ತವೆ. ನಿಮಗೆ ಬೇಕಾದದ್ದು 1939ರದ್ದು. ಗುರುತು ಹಿಡಿಯುವುದು ಸುಲಭ: ಉದ್ದ 3 ನಿಮಿಷದ ಆಸುಪಾಸು ಇರಬೇಕು, ಮೊದಲಿಗೆ ಜೀನ್ ರಾಜರ್ಸ್‌ನ ಪಿಯಾನೋ ನಾಲ್ಕು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಏಟು) ಒಂಟಿಯಾಗಿ ಕೇಳಬೇಕು, ಅದು ಮುಗಿದ ತಕ್ಷಣ ಸ್ಯಾಕ್ಸೋಫೋನ್ ಬರಬೇಕು. ಹಾಡುವ ದನಿ ಬಂದರೆ ಅದು ಬೇರೆ.

ಸರಿಯಾದದ್ದು ಸಿಕ್ಕ ಮೇಲೂ ಒಂದು ತೊಡಕಿದೆ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಅಷ್ಟು ಹಳೆಯ ಮುದ್ರಣಗಳನ್ನು ಯಾರು ಬೇಕಾದರೂ ಮತ್ತೆ ಮಾರಾಟಕ್ಕೆ ಇಡುತ್ತಾರೆ, ಗುಣಮಟ್ಟ ಒಂದೊಂದರದ್ದು ಒಂದೊಂದು ಥರ. ಹಳೆಯ ಪ್ಲೇಟಿನಿಂದ ಡಿಜಿಟಲ್‌ಗೆ ತರುವಾಗ ‘ಸುಸ್’ ಸದ್ದನ್ನು ತೆಗೆದುಹಾಕುವ ಭರದಲ್ಲಿ ಕೆಲವರು ಸ್ಯಾಕ್ಸೋಫೋನಿನ ಉಸಿರನ್ನೂ ತೆಗೆದುಬಿಟ್ಟಿದ್ದಾರೆ. ಹಾಕಿನ್ಸ್‌ನ ನಾದದಲ್ಲಿ ಉಸಿರೇ ಅರ್ಧ. ಬಿದಿರ ಪಟ್ಟಿಯಂಥ ರೀಡಿನ ಮೇಲೆ ಗಾಳಿ ತಾಗುವ ಒರಟು, ಸ್ವರದ ಕೊನೆಗೆ ಬರುವ ಅಗಲವಾದ ಕಂಪನ, ಇವೆರಡೂ ಹೋದರೆ ಉಳಿಯುವುದು ರಬ್ಬರಿನ ಸದ್ದು. ಪರೀಕ್ಷೆ ಹೀಗೆ: ಹೆಡ್‌ಫೋನ್ ಹಾಕಿಕೊಂಡು ಮೊದಲ ಹತ್ತು ಸೆಕೆಂಡ್ ಪಿಯಾನೋ ಮಾತ್ರ ಕೇಳಿ. ಎರಡು ಸ್ವರಗಳ ನಡುವೆ ಹಿನ್ನೆಲೆಯ ಸದ್ದು ಒಂದೇ ಸಮನೆ ಇದ್ದರೆ ಸರಿ. ಸ್ವರ ಬಂದಾಗ ಸುಸ್ ಎದ್ದು, ಸ್ವರ ನಿಂತಾಗ ಪೂರ್ತಿ ಮಾಯವಾದರೆ ಯಂತ್ರ ಕತ್ತರಿ ಆಡಿಸಿದೆ ಅಂತ ಅರ್ಥ, ಅದನ್ನು ಬಿಡಿ. ‘ಸ್ಟೀರಿಯೊ’ ಅಂತ ಬರೆದಿದ್ದರೂ ಬಿಡಿ. 1939ರ ಈ ಮುದ್ರಣ ಮೋನೋ, ಎರಡು ಕಿವಿಗೂ ಒಂದೇ ಬರಬೇಕು. ಸ್ವಲ್ಪ ಚಟಪಟ ಇರುವ, ಸುಸ್ ಇರುವ ಪ್ರತಿಯೇ ಮೇಲು.

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಿ ತೀರ್ಪು ಕೊಡಬೇಡಿ. ಟೆನರ್ ಸ್ಯಾಕ್ಸೋಫೋನಿನ ತೀರ ಕೆಳಗಿನ ಸ್ವರ 104 ಹರ್ಟ್ಸ್ ಹತ್ತಿರ ಇರುತ್ತದೆ, ಫೋನಿನ ಪುಟ್ಟ ಸ್ಪೀಕರಿಗೆ ಅಲ್ಲಿಯವರೆಗೆ ಇಳಿಯುವ ಶಕ್ತಿ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ಮೂರು ನಿಮಿಷ ಫ್ಯಾನ್ ಆರಿಸಿದರೆ ಇನ್ನೂ ಒಳ್ಳೆಯದು.

ಹಾಡಿನ ಹುಟ್ಟು ಚಿಕ್ಕ ಕಥೆ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದ ಜಾನಿ ಗ್ರೀನ್ ಎಂಬ ಯುವಕ ಇಂಗ್ಲೆಂಡಿನ ನಟಿ ಗರ್ಟ್ರೂಡ್ ಲಾರೆನ್ಸ್‌ಗಾಗಿ ಇದರ ಸಂಗೀತ ಮಾಡಿಕೊಟ್ಟ. ಸಾಹಿತ್ಯ ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್, ಫ್ರಾಂಕ್ ಐಟನ್ ಮೂವರದು. 1930ರಲ್ಲಿ ಮೊದಲು ಲಂಡನ್ನಿನಲ್ಲಿ ಹೆಸರಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಾಡ್‌ವೇ ರಂಗದ ಮೇಲೆ ಲಿಬ್ಬಿ ಹೋಲ್ಮನ್ ಹಾಡಿದಳು. ಅದೇ ತಿಂಗಳು ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಣ ಮಾಡಿಕೊಂಡದ್ದರಿಂದ ಹಾಡು ರಂಗಭೂಮಿಯಿಂದ ಜಾಝ್‌ನವರ ಕೈಗೆ ಬಂತು. ಗ್ರೀನ್‌ಗೆ ಆಗ ವಯಸ್ಸು 22ರ ಒಳಗೆ. ಆ ವಯಸ್ಸಿನಲ್ಲಿ ಇಂಥ ನಡುಭಾಗ ಹೊಳೆದದ್ದು ದೊಡ್ಡ ಮಾತು.

ಈಗ ಆ ನಡುಭಾಗಕ್ಕೆ ಬರೋಣ, ಪೂರ್ತಿ ಹಾಡಿನ ಜೀವ ಇರುವುದು ಅಲ್ಲಿ.

ಹಾಡಿನ ಒಂದು ಸುತ್ತಿಗೆ 32 ಬಾರ್, ಒಂದೊಂದು ಬಾರ್‌ಗೆ 4 ಏಟು. ನಮ್ಮ ಲೆಕ್ಕಕ್ಕೆ ತಂದರೆ ಎರಡು ಬಾರ್ ಸೇರಿ ಆದಿತಾಳದ ಒಂದು ಆವರ್ತನ. ಹಾಗಾಗಿ ಒಂದು ಸುತ್ತು 16 ಆವರ್ತನ. ಅದನ್ನು ನಾಲ್ಕು ನಾಲ್ಕು ಆವರ್ತನಗಳ ನಾಲ್ಕು ತುಂಡು ಮಾಡಿ: ಮೊದಲ ಎರಡು ತುಂಡು ಒಂದೇ ಧಾಟಿ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನ ಧಾಟಿ. ಆ ಮೂರನೆಯ ತುಂಡಿಗೆ ಜಾಝ್‌ನವರು ‘ಬ್ರಿಜ್’ ಅನ್ನುತ್ತಾರೆ. ತೊಡೆಯ ಮೇಲೆ ತಾಳ ಹಾಕಿಕೊಂಡೇ ಕೇಳಿ, ದಾರಿ ತಪ್ಪುವುದಿಲ್ಲ. ಈ ಪ್ಲೇಟಿನಲ್ಲಿ ಪಿಯಾನೋದ ಪೀಠಿಕೆಗೆ 2 ಆವರ್ತನ, ಆಮೇಲೆ ಹಾಕಿನ್ಸ್ ನುಡಿಸುವುದು ಎರಡು ಸುತ್ತು, ಅಂದರೆ 32 ಆವರ್ತನ. ಮೆಟ್ರೊನೋಮ್ ಇಟ್ಟು ನೋಡುವವರು ನಿಮಿಷಕ್ಕೆ ಸುಮಾರು 90 ಏಟು ಇಡಬೇಕು.

ಶ್ರುತಿ ಡಿ ಫ್ಲಾಟ್, ನಮ್ಮ ವಿದ್ವಾಂಸರ ಬಾಯಲ್ಲಿ ಒಂದೂವರೆ ಮನೆ. ಹಾರ್ಮೋನಿಯಂನಲ್ಲಿ ಸಿ ಸ್ವರದ ಪಕ್ಕದ ಕಪ್ಪು ಮನೆ. ಆದರೆ ಹಾಡು ಷಡ್ಜದಿಂದ ಏಳುವುದಿಲ್ಲ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರಗಳ ಗುಂಪು. ಇಲ್ಲಿ ಮೊದಲ ಕಾರ್ಡೇ ರಿಷಭದ ಮೇಲೆ ನಿಂತ ಮೈನರ್ ಕಾರ್ಡ್. ಮೊದಲ ಏಟು ಖಾಲಿ, ಅನಾಗತ ಗ್ರಹದ ಹಾಗೆ ಆ ಏಟು ದಾಟಿದ ಮೇಲೆ ರಿಷಭ ಗಾಂಧಾರಗಳ ಸುತ್ತ ಸುಳಿಯುತ್ತಾ ಮಟ್ಟು ಶುರುವಾಗುತ್ತದೆ. ಷಡ್ಜದ ಕಾರ್ಡಿಗೆ ಬಂದು ಸೇರುವುದು ಮೂರನೇ ಬಾರ್‌ನಲ್ಲಿ. ಮನೆಗೆ ಬಂದವರು ಒಳಗೆ ಬಾರದೆ ಜಗಲಿಯಲ್ಲೇ ನಿಂತು ಮಾತಾಡಿದ ಹಾಗೆ, ಹಾಡಿನ ಆ ತವಕ ಇಲ್ಲಿಂದಲೇ ಹುಟ್ಟುತ್ತದೆ.

ತಂಬೂರಿ ಆ್ಯಪ್ ಇರುವವರು ಒಂದು ಪ್ರಯೋಗ ಮಾಡಿ. ಶ್ರುತಿಯನ್ನು ಸಿ ಶಾರ್ಪ್‌ಗೆ, ಅಂದರೆ ಒಂದೂವರೆ ಮನೆಗೆ ಇಟ್ಟು, ಪಂಚಮ ಹಾಕಿ, ಮೆಲ್ಲಗೆ ಬಿಟ್ಟು, ಅದರ ಜೊತೆಗೇ ಹಾಡು ಹಾಕಿ. ಪಿಯಾನೋದ ಪೀಠಿಕೆ ಬಿಟ್ಟು ಎಣಿಸಿದರೆ ಮೊದಲ 8 ಆವರ್ತನ ಹೆಚ್ಚು ಜಗಳವಿಲ್ಲದೆ ಹೋಗುತ್ತದೆ. ಒಂಬತ್ತನೇ ಆವರ್ತನಕ್ಕೆ, ಅಂದರೆ ಹೆಚ್ಚುಕಡಿಮೆ 50-55ನೇ ಸೆಕೆಂಡಿಗೆ, ತಂಬೂರಿ ಇದ್ದಕ್ಕಿದ್ದಂತೆ ಅಪಸ್ವರವಾಗಿ ಕೇಳುತ್ತದೆ. ಅಲ್ಲಿ ಹಾಡಿನ ಷಡ್ಜ ಅರ್ಧ ಮನೆ ಮೇಲೇರಿ ಎರಡು ಮನೆಗೆ ಹೋಗಿದೆ. ಆ ಹೊಸ ಜಾಗದ ಸ, ಗ, ಪ ಮೂರನ್ನೂ ನಿಮ್ಮ ಹಳೆಯ ಶ್ರುತಿಯಿಂದ ಅಳೆದರೆ ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ ಬರುತ್ತದೆ. ರಿಷಭ ತಂಬೂರಿಯ ಷಡ್ಜಕ್ಕೂ, ಧೈವತ ಅದರ ಪಂಚಮಕ್ಕೂ ಒರಸಿಕೊಂಡು ನಿಲ್ಲುತ್ತವೆ, ಕಿವಿ ಕಚ್ಚುವುದು ಅದಕ್ಕೇ. ಎರಡು ಆವರ್ತನ ಅಲ್ಲಿದ್ದು, ಮುಂದೆ ಷಡ್ಜ ಎರಡು ಅರ್ಧ ಮನೆ ಕೆಳಗಿಳಿದು ಒಂದನೇ ಮನೆಗೆ, ಬಿಳಿ ಸಿ ಸ್ವರಕ್ಕೆ ಬರುತ್ತದೆ. ಬ್ರಿಜ್ಜಿನ ಕೊನೆಯ ಬಾರ್‌ನಲ್ಲಿ ಸಿ, ಬಿ, ಬಿ ಫ್ಲಾಟ್ ಅಂತ ಮೂರು ಸೆವೆಂತ್ ಕಾರ್ಡ್‌ಗಳು ಒಂದರ ಹಿಂದೆ ಒಂದು ಅರ್ಧರ್ಧ ಮನೆ ಜಾರಿ, ನೇರವಾಗಿ ಮೊದಲಿನ ರಿಷಭದ ಮೈನರ್ ಕಾರ್ಡಿಗೆ ತಂದು ಬಿಡುತ್ತವೆ. ಆಗ ತಂಬೂರಿ ಮತ್ತೆ ಹಿತವಾಗುತ್ತದೆ. ಆ ಹಿತ ಎಷ್ಟು ಎಂಬುದು ತಂಬೂರಿ ಇಟ್ಟುಕೊಂಡು ಕೇಳಿದವರಿಗೇ ಗೊತ್ತಾಗುವುದು.

ಇದನ್ನು ಗ್ರಹಭೇದ ಅಂತ ಕರೆಯುವವರಿದ್ದಾರೆ, ಅದು ಸರಿಯಲ್ಲ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಇದ್ದ ಹಾಗೇ ಇದ್ದು ಯಾವುದನ್ನು ಷಡ್ಜ ಅನ್ನುತ್ತೇವೆ ಅನ್ನುವುದಷ್ಟೇ ಬದಲಾಗುತ್ತದೆ. ಇಲ್ಲಿ ಮೇಳವೇ, ಅಂದರೆ ಸ್ವರಗಳ ಸಾಲೇ, ಇಡಿಯಾಗಿ ಅರ್ಧ ಮನೆ ಮೇಲಕ್ಕೆ ಎದ್ದುಹೋಗುತ್ತದೆ.

ಹಾಕಿನ್ಸ್ ಈ ಚೌಕಟ್ಟಿನಲ್ಲಿ ಮಾಡಿದ್ದೇನು? 1934ರಿಂದ ಐದು ವರ್ಷ ಯುರೋಪಿನಲ್ಲಿ ಇದ್ದು 1939ರಲ್ಲಿ ಅಮೆರಿಕಕ್ಕೆ ಮರಳಿದ್ದ. ಆ ದಿನದ ಮುದ್ರಣಕ್ಕೆ ಅವನದೊಂದು ಒಂಬತ್ತು ಜನರ ತಂಡ. ಮೊದಲ ಎಂಟು ಬಾರ್‌ನಲ್ಲಿ ಮೂಲ ಮಟ್ಟು ಅಲ್ಲಲ್ಲಿ ಗುರುತು ಸಿಗುವಷ್ಟು ಕೇಳುತ್ತದೆ. ಆಮೇಲೆ ಅದನ್ನು ಕೈಬಿಡುತ್ತಾನೆ, ಕೊನೆಯವರೆಗೂ ಮತ್ತೆ ಹಿಡಿಯುವುದಿಲ್ಲ. ಕೃತಿಯ ಒಂದು ಸಾಲನ್ನು ಹಿಡಿದು ವಿಸ್ತರಿಸುವ ನೆರವಲ್‌ನಲ್ಲಿ ಮಾತು ಉಳಿಯುತ್ತದೆ, ಧಾತು (ಸ್ವರದ ಮಟ್ಟು) ಬದಲಾಗುತ್ತದೆ. ಇಲ್ಲಿ ಮಾತೂ ಇಲ್ಲ, ಧಾತುವೂ ಹೋಯಿತು. ಉಳಿದದ್ದು ಕಾರ್ಡುಗಳು ಬರುವ ಕ್ರಮ ಮಾತ್ರ. ಅವನು ಪ್ರತಿ ಕಾರ್ಡಿನ ಒಳಗಿನ ಸ್ವರಗಳನ್ನು ಒಂದೊಂದಾಗಿ ಬಿಡಿಸುತ್ತಾ, ಕಾರ್ಡ್ ಬದಲಾಗುವ ಕ್ಷಣದಲ್ಲಿ ಮುಂದಿನದರ ಸ್ವರಕ್ಕೆ ಅರ್ಧ ಮನೆಯಲ್ಲಿ ಜಾರುತ್ತಾ ಹೋಗುತ್ತಾನೆ. ಬರೆದದ್ದಕ್ಕಿಂತ ಹೆಚ್ಚು ಕಾರ್ಡುಗಳನ್ನು ತಾನೇ ನಡುವೆ ಸೇರಿಸುತ್ತಾನೆ. ಪಿಯಾನೋ, ಬಾಸ್, ಡ್ರಮ್ ತಮ್ಮ ಪಾಡಿಗೆ ನಾಲ್ಕೇಟು ಹಾಕುತ್ತಿದ್ದರೂ ಹಾಡು ಮುಂದೆ ಸಾಗುತ್ತಿದೆ ಅನ್ನಿಸುವುದು ಇದರಿಂದ.

ಏರಿಳಿತದ ಕಡೆಗೂ ಗಮನ ಇರಲಿ. ಮೊದಲ ಸುತ್ತು ಪಕ್ಕದಲ್ಲಿ ಕೂತು ಹೇಳಿದ ಹಾಗೆ, ಕೆಳಗಿನ ಸ್ಥಾಯಿಯಲ್ಲಿ, ಉಸಿರು ಕೇಳುವಷ್ಟು ಮೆಲ್ಲಗೆ. ಎರಡನೇ ಸುತ್ತು ಹೆಚ್ಚುಕಡಿಮೆ 1 ನಿಮಿಷ 35 ಸೆಕೆಂಡಿಗೆ ಶುರು. ಅಲ್ಲಿ ಉಳಿದ ಊದುವಾದ್ಯಗಳು ಹಿಂದೆ ಉದ್ದ ಸ್ವರ ಹಿಡಿದು ನಿಲ್ಲುತ್ತವೆ, ಹಾಕಿನ್ಸ್‌ನ ದನಿ ಗಟ್ಟಿಯಾಗುತ್ತದೆ, ವಾಕ್ಯಗಳು ಮೇಲುಸ್ಥಾಯಿಗೆ ಹತ್ತುತ್ತವೆ. ಎರಡನೇ ಬ್ರಿಜ್ ದಾಟಿ ಕೊನೆಯ ನಾಲ್ಕು ಆವರ್ತನಕ್ಕೆ ಬರುವ ಹೊತ್ತಿಗೆ ಮುಟ್ಟುವ ಮೇಲಿನ ಸ್ವರಗಳು ಆ ಎರಡೂವರೆ ನಿಮಿಷದ ಏರಿಕೆಯ ತುದಿ. ಅದನ್ನು ಮಾತ್ರ ಕತ್ತರಿಸಿ ಕೇಳಿದರೆ ಏನೂ ಅನ್ನಿಸುವುದಿಲ್ಲ, ದಯವಿಟ್ಟು ಮೊದಲಿಂದ ಕೇಳಿ. ಮಟ್ಟೇ ಸರಿಯಾಗಿ ಕೇಳಿಸದ ಈ ಪ್ಲೇಟನ್ನು ಅಮೆರಿಕದ ಜನ ಹೋಟೆಲಿನ ಜೂಕ್‌ಬಾಕ್ಸ್‌ಗೆ ಕಾಸು ಹಾಕಿ ಮತ್ತೆ ಮತ್ತೆ ಕೇಳಿದರು. 2004ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು.

ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆ ಇನ್ನೂ ಇರುವುದುಂಟು. ಈ ಹಾಡಿನದೇ ಆಗಲಿ, ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ಯಾವ ಪ್ಲೇಟೇ ಆಗಲಿ ಕೈಗೆ ಸಿಕ್ಕರೆ ಕೆಲವು ವಿಷಯ ಗೊತ್ತಿರಬೇಕು. ಅದು ವಿನೈಲ್ ಅಲ್ಲ, ಅರಗು ಮತ್ತು ಕಲ್ಲುಪುಡಿ ಸೇರಿಸಿ ಒತ್ತಿದ್ದು. (1937ರಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ ಶುರುವಾಗಿ ಇವತ್ತು ಚುನಾವಣೆಯ ಶಾಯಿಗೆ ಹೆಸರಾದ ಕಾರ್ಖಾನೆ ಇರುವ ಊರಿನವರಿಗೆ ಅರಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ.) ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ವಿನೈಲ್ ಒರೆಸುವ ಆಲ್ಕೋಹಾಲ್ ದ್ರಾವಣವನ್ನು ಇದಕ್ಕೆ ಹಾಕಿದರೆ ಗೆರೆಗಳ ಮೇಲ್ಪದರವೇ ಎದ್ದು ಬರುತ್ತದೆ, ಪ್ಲೇಟು ಹಾಳು. ಡಿಸ್ಟಿಲ್ಡ್ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಗೆರೆ ಹೋದ ದಿಕ್ಕಿಗೇ ಒರೆಸಿ. ಮಧ್ಯದ ಕಾಗದದ ಲೇಬಲ್ ನೆನೆಯಬಾರದು. ನಿಲ್ಲಿಸಿ ಒಣಗಿಸಿ, ನಿಲ್ಲಿಸಿಯೇ ಇಡಿ. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿದಿದ್ದರೆ ಆ ಕವರನ್ನು ಎಸೆದು ಹೊಸದು ಹಾಕಿ, ಬೂಷ್ಟು ಪ್ಲೇಟಿಗೆ ದಾಟುತ್ತದೆ.

ಮುಳ್ಳು ಬೇರೆಯದೇ ಬೇಕು. ಎಲ್‌ಪಿ ಮುಳ್ಳಿನ ತುದಿ 0.7 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), 78ರ ಗೆರೆಗೆ ಬೇಕಾದದ್ದು 3 ಮಿಲ್ ಹತ್ತಿರ. ಎಲ್‌ಪಿ ಮುಳ್ಳಿನಲ್ಲಿ ಹಾಕಿದರೆ ಅದು ಗೆರೆಯ ತಳದಲ್ಲಿ ಓಡಾಡಿ ಬರೀ ಕರಕರ ಕೇಳಿಸುತ್ತದೆ, ಮುಳ್ಳೂ ಸವೆಯುತ್ತದೆ. ಇನ್ನು ವೇಗ. ಹೆಸರು 78 ಆದರೂ ಅಮೆರಿಕದ ಪ್ಲೇಟಿಗೆ ನಿಖರ ಲೆಕ್ಕ ನಿಮಿಷಕ್ಕೆ 78.26 ಸುತ್ತು. ವೇಗ ಶೇಕಡಾ 6 ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ, ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. ನಿಮ್ಮ ಟರ್ನ್‌ಟೇಬಲ್ಲಿನಲ್ಲಿ 33 ಮತ್ತು 45 ಮಾತ್ರ ಇದ್ದರೂ ಉಪಾಯವಿದೆ: 45ರಲ್ಲಿ ಓಡಿಸಿ ಕಂಪ್ಯೂಟರಿಗೆ ಮುದ್ರಿಸಿಕೊಂಡು, ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು 1.739 ಪಟ್ಟು ಮಾಡಿ. ವೇಗ ಬದಲಿಸುವ ಆಯ್ಕೆಯನ್ನೇ ಒತ್ತಿ, ಶ್ರುತಿಯೊಂದನ್ನೇ ಏರಿಸುವುದನ್ನಾಗಲಿ ಕಾಲವೊಂದನ್ನೇ ಬದಲಿಸುವುದನ್ನಾಗಲಿ ಒತ್ತಬೇಡಿ. ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೆ ಮತ್ತೆ ಅದೇ ತಂಬೂರಿ. ಮೊದಲ ಕಾರ್ಡಿಗೆ ಹೋಲಿಸಬೇಡಿ, ಅದು ಷಡ್ಜದ ಮೇಲಿಲ್ಲ. ಕೊನೆಯ ಕಾರ್ಡಿಗೆ ಹೋಲಿಸಿ. ಅದು ಒಂದೂವರೆ ಮನೆಗೆ ಕೂತರೆ ವೇಗ ಸರಿ. ಆ್ಯಪ್‌ಗಳಲ್ಲಿ ಸಿಗುವ ಪ್ರತಿಗಳನ್ನೂ ಹೀಗೇ ಅಳೆಯಬಹುದು, ಕೆಲವು ಕಾಲು ಮನೆಯಷ್ಟು ಏರಿರುತ್ತವೆ.

ಜೊತೆಗೆ ಬೇರೆ ಯಾವುದನ್ನು ಕೇಳಬೇಕು? ಆರ್ಮ್‌ಸ್ಟ್ರಾಂಗ್‌ನ 1930ರದ್ದು ಇತಿಹಾಸಕ್ಕೆ ಒಳ್ಳೆಯದು, ಹಿಮ್ಮೇಳ ತೆಳು. ಬೆನ್ನಿ ಗುಡ್‌ಮನ್ ಮೂವರ ತಂಡದ 1935ರದ್ದರಲ್ಲಿ ಬಾಸ್ ಇಲ್ಲ, ಕ್ಲಾರಿನೆಟ್, ಪಿಯಾನೋ, ಡ್ರಮ್ ಮಾತ್ರ. ಮಟ್ಟು ಸ್ಪಷ್ಟವಾಗಿ ಕಿವಿಗೆ ಬೀಳುವುದರಿಂದ ಹಾಕಿನ್ಸ್‌ಗಿಂತ ಮುಂಚೆ ಇದನ್ನು ಎರಡು ಸಲ ಕೇಳುವುದು ಲಾಭ. ಸಾಹಿತ್ಯ ಬೇಕೆನ್ನುವವರಿಗೆ 1940ರ ಬಿಲ್ಲಿ ಹಾಲಿಡೇ. ಅವಳು ಮಾತನ್ನು ಏಟಿಗಿಂತ ಚೂರು ತಡವಾಗಿ ಇಡುವ ರೀತಿಗೆ ನಮ್ಮವರು ಸಹಜವಾಗಿ ತಲೆದೂಗುತ್ತಾರೆ. 2011ರಲ್ಲಿ ಟೋನಿ ಬೆನೆಟ್ ಜೊತೆ ಏಮಿ ವೈನ್‌ಹೌಸ್ ಹಾಡಿದ್ದು ಹೊಸ ಕಾಲದ ಸ್ಪಷ್ಟ ಮುದ್ರಣ. ಅವಳು ತೀರಿಕೊಳ್ಳುವ ಕೆಲವೇ ತಿಂಗಳ ಮುಂಚಿನದು. ಮನೆಯವರೆಲ್ಲ ಕೂತು ಕೇಳುವುದಕ್ಕೆ ಅದೇ ಸರಿ.

ಆದರೆ ಹಾಕಿನ್ಸ್ ಆದ ಮೇಲೆ ನಿಜವಾಗಿ ಕೇಳಲೇಬೇಕಾದದ್ದು 1960ರ ಅಕ್ಟೋಬರಿನಲ್ಲಿ ಜಾನ್ ಕೋಲ್ಟ್ರೇನ್ ಮುದ್ರಿಸಿದ್ದು. ಅದು ‘ಕೋಲ್ಟ್ರೇನ್ಸ್ ಸೌಂಡ್’ ಆಲ್ಬಮ್ಮಿನಲ್ಲಿ 1964ರಲ್ಲಿ ಹೊರಬಂತು. ಕಾಲ ಸ್ವಲ್ಪ ಚುರುಕು. ಮೊದಲ ಧಾಟಿಯ ಭಾಗದಲ್ಲಿ ಬಾಸ್ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಯಾವ ಸ್ವರ? ಒಂದೂವರೆ ಮನೆಯ ಪಂಚಮ. ತಂಬೂರಿಯ ಪಂಚಮದ ತಂತಿಯೊಂದನ್ನೇ ಮೀಟುತ್ತಾ ಕೂತ ಹಾಗೆ. ಅದರ ಮೇಲೆ ಮೆಕಾಯ್ ಟೈನರ್‌ನ ಪಿಯಾನೋ ಕಾರ್ಡುಗಳು ತೂಗುತ್ತವೆ. ಬ್ರಿಜ್ಜಿನಲ್ಲಿ ಮಾತ್ರ ಬಾಸ್ ಆ ಸ್ವರ ಬಿಟ್ಟು, ಅಂತರ ಗಾಂಧಾರದಷ್ಟು ದೂರ ದೂರದ ನೆಲೆಗಳಿಗೆ ಷಡ್ಜ ಹಾರುತ್ತದೆ. ಹಾಕಿನ್ಸ್‌ನ ಬ್ರಿಜ್ ಕಿವಿಯಲ್ಲಿ ಗಟ್ಟಿಯಾಗುವ ಮುಂಚೆ ಇದನ್ನು ಹಾಕಿದರೆ ಎರಡೂ ಕೈತಪ್ಪುತ್ತವೆ.

ನುಡಿಸುವವರಿಗೂ ಎರಡು ಮಾತು. ಮೈಸೂರಿಗೆ ಸ್ಯಾಕ್ಸೋಫೋನ್ ಹೊಸದಲ್ಲ. ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ನಾಗಸ್ವರದ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಆದದ್ದು. ಅವರು ತೀರಿಕೊಂಡದ್ದು 2019ರ ಅಕ್ಟೋಬರ್ 11, ಹಾಕಿನ್ಸ್ ಈ ಪ್ಲೇಟು ಮುದ್ರಿಸಿದ ದಿನಕ್ಕೆ ಸರಿಯಾಗಿ 80 ವರ್ಷ. ಅವರು ನುಡಿಸುತ್ತಿದ್ದದ್ದು ಆಲ್ಟೊ, ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದೂ ಅದೇ. ಪ್ಲೇಟಿನ ಶ್ರುತಿಗೇ ನುಡಿಸಬೇಕಾದರೆ ಆಲ್ಟೊದವರು ಬಿ ಫ್ಲಾಟ್ ಮೇಜರ್ ಬೆರಳು ಹಿಡಿಯಬೇಕು, ಟೆನರ್‌ನವರು ಇ ಫ್ಲಾಟ್. ಅಷ್ಟು ಸುಲಭ. ತೊಂದರೆ ಬ್ರಿಜ್ಜಿನಲ್ಲಿ: ಆಲ್ಟೊಗೆ ಅದು ಬಿ ಮೇಜರ್, ಐದು ಶಾರ್ಪ್, ಆಮೇಲೆ ಎ ಮೇಜರ್. ಟೆನರ್‌ಗೆ ಇ ಮೇಜರ್, ಆಮೇಲೆ ಡಿ. ಹೊಸಬರು ಎಡವುವುದು ಬಿ ಮೇಜರಿನಲ್ಲಿ ಅಲ್ಲ, ಅದನ್ನು ಎಲ್ಲರೂ ಹೆದರಿ ಅಭ್ಯಾಸ ಮಾಡಿರುತ್ತಾರೆ. ಎಡವುವುದು ವಾಪಸು ಬರುವ ಕೊನೆಯ ಬಾರ್‌ನಲ್ಲಿ. ಆಲ್ಟೊ ಬೆರಳಿಗೆ ಎ ಸೆವೆಂತ್, ಎ ಫ್ಲಾಟ್ ಸೆವೆಂತ್, ಜಿ ಸೆವೆಂತ್ ಮೂರೂ ಒಂದೇ ಬಾರ್‌ನೊಳಗೆ ದಾಟಬೇಕು, ಮೊದಲನೆಯದಕ್ಕೆ ಎರಡು ಏಟು, ಉಳಿದೆರಡಕ್ಕೆ ಒಂದೊಂದು. ಪೂರ್ತಿ ಕಾರ್ಡ್ ಬಿಡಿಸಲು ಹೋದರೆ ಏಟು ತಪ್ಪುತ್ತದೆ. ಪ್ರತಿಯೊಂದರ ಗಾಂಧಾರ ಮಾತ್ರ ಹಿಡಿಯಿರಿ: ಸಿ ಶಾರ್ಪ್, ಸಿ, ಬಿ, ಅರ್ಧರ್ಧ ಮನೆ ಇಳಿಕೆ, ಅಲ್ಲಿಂದ ಸಿ ಮೈನರ್. ಉಸಿರನ್ನು ಆ ಬಾರ್‌ಗಿಂತ ಮುಂಚೆಯೇ ತೆಗೆದುಕೊಂಡಿರಬೇಕು, ನಡುವೆ ತೆಗೆದುಕೊಂಡರೆ ಆ ಜಾರು ಮುರಿಯುತ್ತದೆ. ನಿಮಿಷಕ್ಕೆ 60 ಏಟಿನಲ್ಲಿ ಈ ಒಂದು ಬಾರ್ ಮತ್ತು ಮುಂದಿನದರ ಮೊದಲ ಏಟು, ಇಷ್ಟನ್ನೇ ಕೈಗೆ ಬರುವ ತನಕ ನುಡಿಸಿ, ಆಮೇಲೆ 90ಕ್ಕೆ ಬನ್ನಿ.